ಸಿನಗಾಗ್‌ನ ಊಟದ ಮೇಜು

ಹೊಸೂರಿನ ನಮ್ಮ ಗ್ರಾನೈಟ್ ಕಾರ್ಖಾನೆಗೆ ಹೊರದೇಶದಿಂದ ಯಹೂದಿ ಹೆಂಗಸೊಬ್ಬರು ಬಂದಿದ್ದರು. ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನ ಊಟದ ಮೇಜಿಗೆ ಕಲ್ಲು ಬೇಕಿತ್ತು. ತರ್ಜುಮೆ ನನ್ನ ಕೆಲಸ. ಅವರು ತೋರಿಸಿದ ಮಂದಿರದ ಫೋಟೊದಲ್ಲಿ ಗೋಪುರವಿಲ್ಲ, ಬರೀ ಕಾಂಕ್ರೀಟ್ ಗೋಡೆ, ಉದ್ದುದ್ದ ಕಿಟಕಿ.

"ಶನಿವಾರ ಪ್ರಾರ್ಥನೆ ಮುಗಿಸಿ ಎಲ್ಲರೂ ಅಲ್ಲೇ ಉಣ್ಣುತ್ತೇವೆ. ನನ್ನ ಗಂಡ ತೀರಿಕೊಂಡಾಗ ವಾರವಿಡೀ ಅಲ್ಲಿಂದಲೇ ಊಟ ಬಂತು" ಎಂದರು.

ಮಾಲೀಕರು ಫೋಟೊ ನೋಡಿ, "ಇದೇನ್ಲಾ, ಗೋಡೌನ್ ಇದ್ದಂಗೈತೆ. ಬಿರುಕಿರೋ ಕಲ್ಲಿಗೆ ಅಂಟು ತುಂಬಿ ಕಳ್ಸಿಬುಡು, ಯಾರ್ ನೋಡ್ತಾರೆ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಾಲೀಕರ ಮಾತನ್ನು ಒಂದಕ್ಷರ ಬಿಡದೆ ಆಕೆಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಆಕೆ ಎದ್ದುಹೋಗಿ, ತಾವೇ ಕಲ್ಲುಗಳನ್ನು ತಟ್ಟಿ, ಸದ್ದು ಕೇಳಿ ಬಿರುಕಿಲ್ಲದ ಒಳ್ಳೆಯ ಕಲ್ಲು ಆರಿಸಿದರು.

"ಅದ್ನ್ಯಾಕ್ ಹೇಳ್ದೆ?" ಅಂತ ಮಾಲೀಕರು ಗದರಿದರು.

"ತರ್ಜುಮೆ ಮಾಡು ಅಂದೋರು ನೀವೇ ಅಲ್ವಾ, ಸಾರ್?"

ಈಗೀಗ ಹೊರದೇಶದವರು ಬಂದರೆ ನನ್ನನ್ನು ಕರೆಯದೆ, ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಮಾಲೀಕರೇ ಮಾತಾಡುತ್ತಾರೆ.