ಸಿದ್ದರಾಜು ಮತ್ತು ಹನ್ನೆರಡನೇ ಕುರ್ಚಿ

ಸಿದ್ದರಾಜು ಪಕ್ಕಕ್ಕೆ ಬಂದು ನಿಂತರೆ ಮೊದಲು ಮುಲಾಮಿನ ವಾಸನೆ ಬರುತ್ತದೆ. ಒಂದೆರಡು ನಿಮಿಷ ಬಿಟ್ಟು, ಅದರ ಹಿಂದೆಯೇ ಕೀವಿನದು. ಬಿಟ್ಟಂಗಾಲದ ಕಡೆಯ ನಮ್ಮ ಹಂಚಿನ ಚರ್ಚಿನಲ್ಲಿ ಭಾನುವಾರ ಅವನು ಕೂತ ಬೆಂಚಿನಲ್ಲಿ ಯಾವಾಗಲೂ ಧಾರಾಳ ಜಾಗ ಇರುತ್ತದೆ. ನಮ್ಮವರು ಭಕ್ತರೇ, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲರಿಗೂ ಮೂಗಿದೆ.

ಅವನು ಕೊಳ್ಳೇಗಾಲದ ಕಡೆಯವನು. ಇಪ್ಪತ್ತು ವರ್ಷದ ಹಿಂದೆ ಇಲ್ಲಿನ ಕಾಫಿ ಎಸ್ಟೇಟಿಗೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸಕ್ಕೆ ಬಂದ. ಮೂರನೇ ವರ್ಷ ಸಿಲ್ವರ್ ಮರದಿಂದ ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಹೊರಗೆ ಬಂದಿತ್ತು. ಆಸ್ಪತ್ರೆಯವರು ಕೂಡಿಸಿ ಕಳಿಸಿದರು, ಆದರೆ ಕೂಲಿಯಾಳುಗಳ ಸಾಲು ಕೋಣೆಗಳ ಲೈನ್ ಮನೆಯ ತೇವಕ್ಕೆ ಗಾಯ ಕೊಳೆಯತೊಡಗಿತು. ಜೊತೆಗಿದ್ದವರು ವಾಸನೆ ತಾಳಲಾರದೆ ಚಾಪೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದರು. ಆಗ ಕಾನ್ವೆಂಟಿನ ಒಬ್ಬರು ವಯಸ್ಸಾದ ಮಲಯಾಳಿ ಸಿಸ್ಟರ್ ದಿನ ಬಿಟ್ಟು ದಿನ ಎರಡು ಮೈಲಿ ನಡೆದು ಬಂದು ಅದನ್ನು ತೊಳೆದು ಕಟ್ಟಿದರು. ಹೀಗೆ ಎಂಟು ತಿಂಗಳು. ನಾನು ನಿಮ್ಮ ಜಾತಿಯವನೂ ಅಲ್ಲ, ನಿಮ್ಮ ಊರಿನವನೂ ಅಲ್ಲ, ಯಾಕೆ ಬರುತ್ತೀರಿ ಎಂದು ಒಂದು ದಿನ ಕೇಳಿದನಂತೆ. ಅವರು ಬೈಬಲ್ ತೆಗೆಯಲಿಲ್ಲ. ‘ಕಾಲು ಸ್ವಲ್ಪ ಮೇಲೆತ್ತು’ ಎಂದರಂತೆ, ಅಷ್ಟೇ.

ಕಾಲು ವಾಸಿಯಾದ ಮೇಲೆ ಅವನು ಅವರ ಚೀಲ ಹೊತ್ತುಕೊಂಡು ಲೈನ್‌ನಿಂದ ಲೈನ್‌ಗೆ ಅವರ ಹಿಂದೆ ತಿರುಗಿದ. ಎರಡು ವರ್ಷದ ನಂತರ ದೀಕ್ಷಾಸ್ನಾನ ಪಡೆದ. ರಿಜಿಸ್ಟರಿನಲ್ಲಿ ಸೈಮನ್ ಎಂದು ಬರೆದರು. ಆ ಹೆಸರಿನಲ್ಲಿ ಅವನನ್ನು ಯಾರೂ ಕರೆದಿಲ್ಲ, ಕರೆದರೂ ಅವನು ತಿರುಗಿ ನೋಡುವುದಿಲ್ಲ. ಸಿಸ್ಟರ್ ತೀರಿಕೊಂಡಾಗ ಕತ್ತರಿ, ತಟ್ಟೆ, ಚೀಲ ಇವನ ಪಾಲಿಗೆ ಬಂದವು. ಅಂದಿನಿಂದ ದಿನಾ ಸಂಜೆ ತೋಟದ ಕೆಲಸ ಮುಗಿಸಿ ಅವನು ಲೈನ್‌ಗಳಿಗೆ ಹೊರಡುತ್ತಾನೆ. ಜಿಗಣೆ ಕಚ್ಚಿ ಹುಣ್ಣಾದದ್ದು, ಕತ್ತಿ ತಾಗಿದ್ದು, ಸಕ್ಕರೆ ಕಾಯಿಲೆಯವರ ಪಾದ, ಹಾಸಿಗೆ ಹಿಡಿದವರ ಬೆನ್ನು, ಇವೆಲ್ಲ ಅವನ ಕೆಲಸ. ನೋಡಿದರೆ ನಮಗೆ ಎರಡು ದಿನ ಊಟ ಸೇರದು. ಅವನು ಅದನ್ನು ಮುಗಿಸಿ, ಕೈ ತೊಳೆದು, ಗುನುಗಿಕೊಂಡು ಬರುತ್ತಾನೆ.

ಈ ಗುನುಗುವುದೇ ನಮಗೆ ಸಹಿಸಲಾಗದ್ದು. ಸಂತೋಷ ಎನ್ನುವುದು ನಮ್ಮ ಧರ್ಮಕೇಂದ್ರದಲ್ಲಿ ಒಂದು ದೊಡ್ಡ ವಿಷಯ. ವರ್ಷಕ್ಕೊಮ್ಮೆ ‘ನಿರಂತರ ಆನಂದ’ ಎಂಬ ಮೂರು ದಿನದ ಧ್ಯಾನಕೂಟ ನಡೆಯುತ್ತದೆ, ಮೂರ್ನಾಡಿನವರೆಗೂ ಬ್ಯಾನರ್ ಕಟ್ಟುತ್ತಾರೆ. ಬ್ಯಾನರಿನ ಒಂದು ತುದಿಯಲ್ಲಿ ಯೇಸು, ಇನ್ನೊಂದು ತುದಿಯಲ್ಲಿ ಸ್ವಲ್ಪ ದೊಡ್ಡದಾಗಿ ಪಾಲನಾ ಸಮಿತಿಯ ಕಾರ್ಯದರ್ಶಿ ಜಯಪ್ರಕಾಶ್ ಡಿಸೋಜ. ಅವರು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನ ನಿವೃತ್ತ ಮ್ಯಾನೇಜರ್. ಪ್ರತಿವರ್ಷ ಮೈಕಿನ ಮುಂದೆ ನಿಂತು, ದೇವರು ತಮಗೆ ಹೇಗೆ ವಿನಯ ಕಲಿಸಿದ ಎಂದು ನಲವತ್ತು ನಿಮಿಷ ಹೇಳುತ್ತಾರೆ. ಒಮ್ಮೆ ಸಿದ್ದರಾಜುವಿನಿಂದಲೂ, ಕೆಟ್ಟಿದ್ದವನನ್ನು ದೇವರು ಹೇಗೆ ತಿದ್ದಿದ ಎಂಬ ಸಾಕ್ಷಿ ಹೇಳಿಸೋಣವೆಂದು ಯಾರೋ ಸೂಚಿಸಿದರು. ಸಮಿತಿ ವಿಚಾರಿಸಿತು. ಅವನು ಕುಡಿಯುತ್ತಿರಲಿಲ್ಲ, ಕದ್ದವನಲ್ಲ, ಹೆಂಡತಿಗೆ ಹೊಡೆದವನಲ್ಲ, ಮದುವೆಯೇ ಆಗಿರಲಿಲ್ಲ. ಇವನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದು ಕೈಬಿಟ್ಟರು.

ಈಗ ಬೋಜನ ವಿಷಯ.

ಬೋಜ ಮೂರನೇ ಲೈನ್‌ನ ಹಳೆಯ ಆಳು. ಅರವತ್ತೈದು ದಾಟಿದೆ, ಸಕ್ಕರೆ ಕಾಯಿಲೆ. ಕಳೆದ ಮಳೆಗಾಲದಲ್ಲಿ ಎಡಗಾಲಿಗೆ ಮುಳ್ಳು ಚುಚ್ಚಿ, ಬೇಸಿಗೆಯ ಹೊತ್ತಿಗೆ ಎರಡು ಬೆರಳು ಕಪ್ಪಾಗಿ, ಅಂಗಾಲಿನಲ್ಲಿ ತೂತು ಬಿದ್ದಿತ್ತು. ಸಿದ್ದರಾಜು ದಿನಾ ತೊಳೆಯುತ್ತಿದ್ದ, ಆದರೆ ಇದು ಮುಲಾಮಿಗೆ ಬಗ್ಗುವ ಕಾಯಿಲೆಯಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಆಸ್ಪತ್ರೆಗೆ ಹೋಗದಿದ್ದರೆ ಮುಂದಿನ ಮಳೆಗೆ ಕಾಲೂ ಇಲ್ಲ, ಬೋಜನೂ ಇಲ್ಲ. ಆದರೆ ಬೋಜ ಒಪ್ಪುತ್ತಿರಲಿಲ್ಲ. ಹಿಂದೊಮ್ಮೆ ಎಲ್ಲೋ ಒಂದು ಆಸ್ಪತ್ರೆಯಲ್ಲಿ ವಾಸನೆಯೆಂದು ಅವನನ್ನು ಹೊರಗೆ, ಜನರೇಟರಿನ ಪಕ್ಕ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿದ್ದರು. ಸಂಜೆ ಅವನೇ ಎದ್ದು ಮನೆಗೆ ಬಂದಿದ್ದ. ಇನ್ನು ಸತ್ತರೆ ಇಲ್ಲೇ ಸಾಯುತ್ತೇನೆ, ಅಲ್ಲಿ ನಾಯಿ ಹಾಗೆ ಕೂರುವುದಿಲ್ಲ ಎಂದು ಹಟ ಹಿಡಿದಿದ್ದ.

ಒಂದು ಸಂಜೆ ಕಾಲು ತೊಳೆಯುತ್ತ ಸಿದ್ದರಾಜು, ಯೇಸು ಸಾಯುವ ಹಿಂದಿನ ದಿನ ಶಿಷ್ಯರ ಕಾಲು ತೊಳೆದ ಕತೆ ಹೇಳಿದ. ಈಗಲೂ ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ ಎಂದೂ ಸೇರಿಸಿದ. ಬೋಜ ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದ.

‘ಈ ಕಾಲ್ನ ತೊಳೀತಾರಾ ನಿಮ್ ಫಾದರ್?’

‘ಯಾಕೆ ತೊಳೆಯಲ್ಲ ಬೋಜಣ್ಣ?’

‘ಎಲ್ಲರ ಎದುರಿಗೆ ತೊಳೆದ್ರೆ ನೀನು ಹೇಳಿದ ಆಸ್ಪತ್ರೆಗೆ ಬತ್ತೀನಿ. ಇಲ್ಲಾಂದ್ರೆ ಆ ಮಾತು ಇನ್ನೊಂದ್ಸಲ ಎತ್ತಬೇಡ, ಸಿದ್ದ.’

ಸಿದ್ದರಾಜು ಪಾಪದವನು, ಇದು ಬಹಳ ಸುಲಭವೆಂದು ತಿಳಿದ. ನಮ್ಮ ಚರ್ಚಿನ ಹನ್ನೆರಡು ಕುರ್ಚಿಗಳ ವ್ಯವಹಾರ ಅವನಿಗೆ ಗೊತ್ತಿರಲಿಲ್ಲ.

ಬಲಿಪೀಠದ ಮುಂದೆ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಪ್ರತಿಯೊಂದರ ಬೆನ್ನಿಗೆ ಒಬ್ಬೊಬ್ಬ ಶಿಷ್ಯನ ಹೆಸರಿನ ಚೀಟಿ ಅಂಟಿಸುವುದು ನಮ್ಮಲ್ಲಿ ಪದ್ಧತಿ. ಪೇತ್ರನ ಕುರ್ಚಿ ಹನ್ನೊಂದು ವರ್ಷದಿಂದ ಜಯಪ್ರಕಾಶರದು. ಯೊವಾನ್ನ, ಅಂದ್ರೆಯ ಮುಂತಾದವರಿಗೂ ತೋಟ, ಹೋಂಸ್ಟೇ, ಜಲ್ಲಿ ಕ್ರಷರ್ ಇರುವ ವಾರಸುದಾರರಿದ್ದಾರೆ. ಯೇಸುವನ್ನು ಹಿಡಿದುಕೊಟ್ಟ ಯೂದನ ಕುರ್ಚಿಗೆ ಮಾತ್ರ ಗಿರಾಕಿಯಿಲ್ಲ. ಹೋದ ವರ್ಷ ಕೊಡ್ಲಿಪೇಟೆಯಿಂದ ನೆಂಟರ ಮನೆಗೆ ಬಂದಿದ್ದ ಒಬ್ಬರನ್ನು ಬಹಳ ಗೌರವದಿಂದ ಕರೆದು ಅಲ್ಲಿ ಕೂರಿಸಿದರು. ಕಾಲು ತೊಳೆಸಿಕೊಂಡು ಏಳುವಾಗ ಅವರು ಚೀಟಿ ಓದಿದರು. ಆಮೇಲೆ ಆ ನೆಂಟಸ್ತಿಕೆ ಉಳಿದಿಲ್ಲ.

ಕಾಲುಗಳ ಸಿದ್ಧತೆ ಇನ್ನೊಂದು. ಗುರುವಾರ ಮಧ್ಯಾಹ್ನದಿಂದಲೇ ಶಿಷ್ಯರು ಮನೆಯಲ್ಲಿ ಬಿಸಿನೀರಿನಲ್ಲಿ ಪಾದ ನೆನೆಹಾಕಿ, ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಪೌಡರ್ ಹಾಕಿ, ಹೊಸ ಕಾಲುಚೀಲದೊಳಗೆ ಇಟ್ಟುಕೊಂಡು ಬರುತ್ತಾರೆ. ಅದೂ ಬಲಗಾಲು ಮಾತ್ರ, ಏಕೆಂದರೆ ತೊಳೆಯುವುದು ಬಲಗಾಲನ್ನಷ್ಟೇ. ಎಡಗಾಲು ಈಸ್ಟರಿನವರೆಗೂ ಹಾಗೇ ಇರುತ್ತದೆ. ಫಾದರ್ ಮೂರು ಹನಿ ನೀರು ಬಿಟ್ಟು, ಟವೆಲ್ ತಾಗಿಸಿ, ಬಗ್ಗಿ ಮುತ್ತಿಡುತ್ತಾರೆ. ನೀರು ಬೀಳುವ ಮೊದಲೇ ಆ ಪಾದಗಳು ಫಾದರ್ ಕೈಗಿಂತ ಶುದ್ಧವಾಗಿರುತ್ತವೆ. ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಮುಖ ಮಾಡಿಕೊಂಡು ಈ ದೊಡ್ಡ ಮನುಷ್ಯರು ಕೂರುವುದನ್ನು ಹೊಟ್ಟೆ ತೊಳಸದೆ ನೋಡಬೇಕಾದರೆ ಬಹಳ ಭಕ್ತಿ ಬೇಕು.

ಸಿದ್ದರಾಜು ಸಮಿತಿಯ ಮುಂದೆ ಹೋಗಿ ಆ ಖಾಲಿ ಕುರ್ಚಿ ಬೋಜನಿಗೆ ಕೊಡಿ ಎಂದು ಕೇಳಿದ. ಯಾಕೆಂದೂ ಹೇಳಿದ. ಒಂದೂವರೆ ಗಂಟೆ ಚರ್ಚೆಯಾಯಿತು. ಬೋಜ ಕ್ರಿಸ್‌ಮಸ್ ಕೇಕಿಗೆ ಬಿಟ್ಟರೆ ಚರ್ಚಿಗೆ ಬಂದವನಲ್ಲ ಎಂದರು. ಕಾಯಿಲೆ ಹರಡಿದರೆ ಯಾರು ಹೊಣೆ ಎಂದರು. ಹೊಸದಾಗಿ ಬಂದಿದ್ದ ಫಾದರ್ ಆನಂದ್ ಮೂವತ್ತು ತುಂಬದ ಹುಡುಗ. ಇವರ ನಡುವೆ ಬಾಯಿ ತೆರೆಯಲು ಎರಡು ಸಲ ನೋಡಿ ಬಿಟ್ಟರು. ಕೊನೆಗೆ ದಾರಿ ಹುಡುಕಿದ್ದು ಜಯಪ್ರಕಾಶರೇ. ಕೆಟ್ಟದ್ದು ಎಡಗಾಲು ತಾನೇ? ಪದ್ಧತಿಯಂತೆ ನಾವು ತೊಳೆಯುವುದು ಬಲಗಾಲು. ಎಡಗಾಲನ್ನು ಚೆನ್ನಾಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕುರ್ಚಿಯ ಕೆಳಗಿಟ್ಟರೆ ಆಯಿತು. ಕರುಣೆಯೂ ಆಗುತ್ತದೆ, ಶುಚಿಯೂ ಉಳಿಯುತ್ತದೆ. ಸಮಿತಿ ಈ ಜಾಣತನಕ್ಕೆ ತಲೆದೂಗಿ ಚಹಾ ತರಿಸಿತು. ಸಿದ್ದರಾಜು ಮಾತ್ರ ಪೆಚ್ಚಾಗಿ ನಿಂತಿದ್ದ. ಬೋಜನಿಗೆ ಇದನ್ನು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಕವರು ಕಟ್ಟುವಾಗ, ಫಾದರ್ ಹೇಳಿದಂತೆ ಮಾಡು ಬೋಜಣ್ಣ ಎಂದಷ್ಟೇ ಹೇಳಿದನಂತೆ.

ಗುರುವಾರ ಸಂಜೆ ನಾನು ಮೂರನೇ ಬೆಂಚಿನಲ್ಲಿದ್ದೆ. ಹನ್ನೊಂದು ಕಾಲುಗಳು ಸುಸೂತ್ರವಾಗಿ ಮುಗಿದವು. ಗಾಯನ ತಂಡ ಹಾಡುತ್ತಿತ್ತು. ಫಾದರ್ ಆನಂದ್ ಹನ್ನೆರಡನೇ ಕುರ್ಚಿಯ ಮುಂದೆ ಮಂಡಿಯೂರಿ, ಸಮಿತಿ ಕಲಿಸಿದಂತೆ ಬಲಗಡೆಗೆ ಕೈಚಾಚಿದರು. ಬೋಜ ಬಲಗಾಲನ್ನು ಹಿಂದಕ್ಕೆಳೆದುಕೊಂಡ. ಬಗ್ಗಿ ಎಡಗಾಲಿನ ಕವರಿನ ದಾರ ತಾನೇ ಬಿಚ್ಚಿದ. ಬಟ್ಟೆಯನ್ನೂ ಬಿಚ್ಚಿದ.

ಸತ್ತ ಇಲಿ, ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಪಲ್ಪರ್ ಗುಂಡಿಯ ನೀರು, ಎರಡನ್ನೂ ಸೇರಿಸಿ ಬಿಸಿಲಿಗಿಟ್ಟ ಹಾಗೆ ಒಂದು ವಾಸನೆ ಎದ್ದು ಬೆಂಚಿನಿಂದ ಬೆಂಚಿಗೆ ಬಂತು. ಸೆರಗುಗಳು ಮೂಗಿಗೆ ಹೋದವು. ನನ್ನ ಕರವಸ್ತ್ರವೂ ಹೋಯಿತು. ಹಾಡು ಒಂದು ಸಾಲಿನ ಮಧ್ಯೆ ನಿಂತುಬಿಟ್ಟಿತು. ಹಾಡಬೇಕಾದರೆ ಉಸಿರು ಎಳೆದುಕೊಳ್ಳಬೇಕಲ್ಲ.

ಪೇತ್ರನ ಕುರ್ಚಿಯಿಂದ ಜಯಪ್ರಕಾಶರು, ಬಲಗಾಲು, ಬಲಗಾಲು ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ್ದು ಹಿಂದಿನ ಬಾಗಿಲಿನವರೆಗೂ ಕೇಳಿಸಿತು. ಬೋಜ ಅವರತ್ತ ತಿರುಗಿದ.

‘ಬಲಗಾಲು ಚೆನ್ನಾಗದೆ ಸಾವ್ಕಾರ್ರೆ. ಅದನ್ನ ನಾನೇ ತೊಳ್ಕಂಡು ಬಂದಿವ್ನಿ.’

ಫಾದರ್ ಮುಖ ಬಾಳೆಲೆಯ ಬಣ್ಣಕ್ಕೆ ತಿರುಗಿತ್ತು. ಒಮ್ಮೆ ಓಕರಿಕೆ ಬಂತು, ನುಂಗಿದರು. ಇನ್ನೊಮ್ಮೆ ಬಂತು, ಕೈಯಲ್ಲಿದ್ದ ತಂಬಿಗೆ ವಾಲಿ ನೀರು ಅವರ ನಿಲುವಂಗಿಯ ಮೇಲೇ ಚೆಲ್ಲಿತು. ಅವರು ಎದ್ದು ಓಡುತ್ತಾರೆ ಎಂದು ನಮಗೆಲ್ಲ ಖಚಿತವಾಯಿತು. ಬೋಜನಿಗೂ ಆಯಿತೆಂದು ಕಾಣುತ್ತದೆ. ಅವನು ಮೆಲ್ಲಗೆ ಬಟ್ಟೆಯನ್ನು ಮತ್ತೆ ಸುತ್ತಲು ಶುರುಮಾಡಿದ. ಆ ಬಟ್ಟೆ ಪೂರ್ತಿ ಸುತ್ತಿದರೆ ಅವನ ಕತೆ ಮುಗಿಯಿತು ಎಂಬುದು ಆಗ ನೆನಪಿದ್ದವನು ಇಡೀ ಚರ್ಚಿನಲ್ಲಿ ಒಬ್ಬನೇ.

ಆ ಒಬ್ಬ ಹಿಂದಿನ ಬೆಂಚಿನಿಂದ ಕುಂಟಿಕೊಂಡು ಬಂದು ಫಾದರ್ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಬೋಜನಿಂದ ಬಟ್ಟೆ ಈಸಿಕೊಂಡ. ತಾನು ತೊಳೆಯಲು ಹೋಗಲಿಲ್ಲ, ಪಾದದ ಕೆಳಗೆ ಅಂಗೈ ಕೊಟ್ಟು ಹಿಡಿದ.

‘ಮೂಗಲ್ಲಿ ಬ್ಯಾಡಿ ಫಾದರ್, ಬಾಯಲ್ಲಿ ಉಸಿರಾಡಿ,’ ಎಂದ. ‘ನಂಗೂ ಹಿಂಗೇ ಆಯ್ತದೆ. ದಿನಾ ಆಯ್ತದೆ.’

ಇಷ್ಟು ವರ್ಷದಿಂದ ಅವನಿಗೆ ಮೂಗೇ ಇಲ್ಲವೆಂದು ನಾವು ತಿಳಿದಿದ್ದೆವು. ಫಾದರ್ ಅವನನ್ನೇ ನೋಡಿದರು. ಬಾಯಿ ತೆರೆದು, ನೀರಿನಿಂದ ತೆಗೆದ ಮೀನಿನ ಹಾಗೆ ಒಂದೆರಡು ಸಲ ಉಸಿರೆಳೆದರು. ಆಮೇಲೆ ನೀರು ಹೊಯ್ದರು. ಮೂರು ಹನಿಯಲ್ಲ, ಮೂರು ತಂಬಿಗೆ. ಸಿದ್ದರಾಜು ಅಲ್ಲಿ ಒತ್ತಿ, ಇಲ್ಲಿ ಮೆಲ್ಲಗೆ ಎನ್ನುತ್ತಿದ್ದ, ಫಾದರ್ ಹಾಗೇ ಮಾಡುತ್ತಿದ್ದರು. ತಟ್ಟೆಗೆ ಏನೇನು ಬಿತ್ತೆಂದು ಬರೆಯುವುದಿಲ್ಲ. ಅದರಲ್ಲಿ ಒಂದೆರಡು ಹರಿದಾಡುತ್ತಿದ್ದವು. ಅದನ್ನು ಕಂಡು ಅಂದ್ರೆಯನೂ ಯೊವಾನ್ನನೂ ಒಂದೊಂದು ಕಾಲುಚೀಲದಲ್ಲಿ ಎದ್ದು ಹೊರಟರು, ಪೇತ್ರ ಅವರಿಗಿಂತ ಮುಂದೆ. ಫಾದರ್ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಭಕ್ತಿಗೋ ವಾಸನೆಗೋ, ನನಗೆ ಗೊತ್ತಿಲ್ಲ. ಕೊನೆಗೆ ಬಗ್ಗಿದರು. ಮುತ್ತಿಟ್ಟರೋ ಇಲ್ಲವೋ, ಸಿದ್ದರಾಜುವಿನ ತಲೆ ಅಡ್ಡ ಬಂದು ಕಾಣಲಿಲ್ಲ.

ಬೋಜ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. ಆಮೇಲೆ, ಗಾಡಿ ಕರಿ ಸಿದ್ದ, ಎಂದ.

ಗಾಡಿ ಸಿಕ್ಕಿದ್ದು ನನ್ನ ಜೀಪು. ಇದರಲ್ಲಿ ನನ್ನ ಒಳ್ಳೆಯತನವೇನೂ ಇಲ್ಲ, ಬಾಗಿಲಿಗೆ ಹತ್ತಿರ ನಿಲ್ಲಿಸಿದ್ದೆ, ಕೀಲಿ ಕೈಯಲ್ಲಿತ್ತು, ತಪ್ಪಿಸಿಕೊಳ್ಳಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಮಡಿಕೇರಿಯವರೆಗೆ ಓಡಿಸಿದೆ. ಹಿಂದೆ ಸಿದ್ದರಾಜು ಬೋಜನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಬಂದು ಬಟ್ಟೆ ಎತ್ತಿ ನೋಡಿದರು. ದಿನಾ ತೊಳೆದವರು ಯಾರೋ, ಅವರಿಂದ ಕಾಲು ಇನ್ನೂ ಇದೆ, ಎರಡು ಬೆರಳು ಹೋಗಬಹುದು, ಉಳಿದದ್ದು ಉಳಿಯುತ್ತದೆ ಎಂದು ಹೇಳಿ ಗಾಲಿಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು.

ಸಿದ್ದರಾಜು ಹೊರಗಿನ ಬೆಂಚಿನಲ್ಲಿ ಕೂತ. ಹಬ್ಬಕ್ಕೆಂದು ಹಾಕಿಕೊಂಡಿದ್ದ ಬಿಳಿ ಅಂಗಿಯ ಮುಂಭಾಗವೆಲ್ಲ ಹಳದಿ ಮತ್ತು ಕಂದು. ಆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದರು. ಪಕ್ಕದಲ್ಲಿ ಕೂರಲು ನಾನು ನಿಜವಾಗಿ ಪ್ರಯತ್ನಪಟ್ಟೆ, ಆಗಲಿಲ್ಲ. ಎದುರಿನ ಬೆಂಚಿನಲ್ಲಿ ಕೂತು, ಬಾಯಲ್ಲಿ ಉಸಿರಾಡುತ್ತ, ಅವನ ಮುಖ ನೋಡಿದೆ. ಮಗಳ ಮದುವೆ ಮುಗಿಸಿದವನ ಹಾಗೆ ಹೊಳೆಯುತ್ತಿತ್ತು. ನನಗೆ ಸಿಟ್ಟೇ ಬಂತು. ಇಷ್ಟು ಖುಷಿಪಡುವಂಥದ್ದು ಏನಯ್ಯಾ ಆಯಿತು ಎಂದು ಕೇಳಿದೆ.

ಅವನು ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿದ.

‘ಒಳಗೆ ಕರ್ಕಂಡ್ರಲ್ಲ ಸಾರ್.’