ಮಣ್ಣಿಗೆ ಮುಟ್ಟಿಸದ ರಸ್ತೆ

ಬೆಂಗಳೂರಿಗೆ ಬಂದ ಮೊದಲ ವಾರ ಎದುರಿನ ಅಂಗಡಿಯಿಂದ ಮೊಸರು ತರಲು ಹೋಗಿ, ಅತ್ತುಕೊಂಡು ವಾಪಸ್ ಬಂದೆ. ಅಂಗಡಿ ಕಣ್ಣೆದುರೇ ಇದೆ, ನಡುವೆ ಆರು ಪಥದ ರಸ್ತೆ. ದಾಟಲು ಅರ್ಧ ಮೈಲಿ ನಡೆದು ಸೇತುವೆ ಹತ್ತಬೇಕಂತೆ. ನಮ್ಮೂರು ಬಿ.ಜಿ. ಕೆರೆಯಲ್ಲಿ ಮನಸ್ಸು ಬಂದ ಕಡೆ ದಾಟಿದವಳಿಗೆ ಇದೆಂಥ ಊರಪ್ಪಾ ಅನ್ನಿಸಿತು.

ನಗರದ ಅಂಚಿನ ಈ ಬಡಾವಣೆಗೆ ಬಂದದ್ದು ಹಾಸ್ಟೆಲಿನ ಅಡುಗೆ ಕೆಲಸಕ್ಕೆ. ಮನೆ ಸಿಕ್ಕಿದ್ದು ತೆಲುಗಿನಿಂದ. ಓನರಮ್ಮ ಆಂಧ್ರದವರು, ಗಡಿಯ ಮೊಳಕಾಲ್ಮೂರು ಸೀಮೆಯವಳಿಗೆ ತೆಲುಗೇನು ಹೊಸದೇ? ಎರಡು ಮಾತಾಡಿದ್ದಕ್ಕೆ ಬೀಗದ ಕೈ ಕೊಟ್ಟರು. ರೊಟ್ಟಿ ತಟ್ಟುವ ಸದ್ದಿಗೆ ಮಾತ್ರ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು.

ಇಲ್ಲಿಗೆ ರೈಲು ಬರುತ್ತದೆ ಅಂತ ಎಲ್ಲರೂ ಹೇಳುತ್ತಲೇ ಇದ್ದಾರೆ. ಬಂದದ್ದು ಇನ್ನಷ್ಟು ರಸ್ತೆ. ಅಗಲವಾದಷ್ಟೂ ಕಾರು ತುಂಬಿದವು, ಸಿಟಿ ಬಸ್ಸು ಅವುಗಳ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ.

ಊರಿನಲ್ಲೂ ಹೆದ್ದಾರಿ ಅಗಲವಾಯಿತು. ಶೇಂಗಾ ಹೊಲದ ಅಂಚು ಹೋಗುವಾಗ ಅಪ್ಪ ತಕರಾರೇ ಮಾಡಲಿಲ್ಲ. "ತಗಳ್ಳಿ ಬಿಡ್ರಿ, ನನ್ ಮಗಳು ಬೇಗ ಬರ್ತಾಳೆ," ಅಂದನಂತೆ.

ಹೋದ ವರ್ಷ ಶೇಂಗಾ ಕೀಳುವ ದಿನಗಳಲ್ಲಿ, ಒಂದು ಬೆಳಿಗ್ಗೆ ಅಣ್ಣನ ಫೋನು. "ಅಪ್ಪ ಹೋದ ಕಣವ್ವ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು."

"ನಾನು ಬರೋತನಕ ಎತ್ತಬ್ಯಾಡ್ರಿ. ರೋಡು ಚೆನ್ನಾಗೈತೆ, ಮೂರಕ್ಕೆಲ್ಲಾ ಬರ್ತೀನಿ," ಅಂದೆ. ಎತ್ತುವ ಮುಂಚೆ ಮಕ್ಕಳು ಬಾಯಿಗೆ ನೀರು ಬಿಡುವುದು ನಮ್ಮ ಪದ್ಧತಿ. ಊರ ಹೆದ್ದಾರಿ ನೆನೆದು ಮಾತು ಕೊಟ್ಟೆ, ಇಲ್ಲಿಯ ಮನೆ ಮುಂದಿನ ರಸ್ತೆ ಮರೆತೆ.

ಎಂಟಕ್ಕೆ ಹತ್ತಿದ ಸಿಟಿ ಬಸ್ಸು ಮೆಜೆಸ್ಟಿಕ್ ಮುಟ್ಟಿದ್ದು ಹನ್ನೆರಡಕ್ಕೆ. ಎಲ್ಲೋ ಲಾರಿ ಕೆಟ್ಟಿತ್ತಂತೆ. "ನಮ್ಮಪ್ಪನ ಮಣ್ಣೈತೆ, ಹೆಂಗಾದ್ರೂ ಬಿಡಿಸ್ಕಂಡು ಹೋಗಣ್ಣಾ," ಅಂತ ಡ್ರೈವರನ್ನು ಅಂಗಲಾಚಿದೆ.

"ಎಲ್ಲಿಂದ ಹೋಗ್ಲಮ್ಮಾ, ನೀವೇ ನೋಡಿ," ಅಂದ, ಪಾಪ.

ಅಲ್ಲಿ ಹತ್ತಿದ ಬಳ್ಳಾರಿ ಬಸ್ಸು ನಮ್ಮೂರಿಗಿಂತ ಮುಂಚಿನ ಚಳ್ಳಕೆರೆ ದಾಟುವಾಗ ಹೊತ್ತು ಮುಳುಗಿತು. ಅಲ್ಲಿಂದಾಚೆ ಅಗಲವಾದ ಹೆದ್ದಾರಿಯಲ್ಲಿ ಅದು ಓಡಿದ ಓಟಕ್ಕೆ ನನ್ನ ಹೊಟ್ಟೆ ಉರಿಯಿತು. ಊರ ಮನೆ ಮುಂದೆ ಗಂಡಸರು ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಕೂತಿದ್ದರು. ನೋಡಿದ್ದೇ ಗೊತ್ತಾಯಿತು, ಎಲ್ಲಾ ಮುಗಿದಿದೆ.

"ಕಾದ್ವಿ ಕಣವ್ವ. ಹಿರೇರು ಇನ್ನ ಆಗಲ್ಲ ಅಂದ್ರು," ಅಂದ ಅಣ್ಣ.

ಈಗ ಇಲ್ಲಿಯ ರಸ್ತೆಯನ್ನು ಮತ್ತೆ ಅಗಲ ಮಾಡುತ್ತಾರೆ. ಮೊನ್ನೆ ಅಳತೆಗೆ ಬಂದವರಿಗೆ, "ಇದು ಬ್ಯಾಡ್ರಿ, ನಮಗೆ ರೈಲು ಕೊಡ್ರಿ," ಅಂದೆ.

"ನೀವು ಇಲ್ಲಿಯವರಾ?" ಅಂತ ಒಬ್ಬ ಕೇಳಿದ.

ಹೌದು ಅನ್ನಲು ಬಾಯಿ ಬರಲಿಲ್ಲ. ಅಲ್ಲಿಯವಳು ಅನ್ನೋಣವೆಂದರೆ, ಅಲ್ಲಿಯವಳಾಗಿದ್ದರೆ ಅಪ್ಪನ ಬಾಯಿಗೆ ನೀರು ಬಿಟ್ಟಿರುತ್ತಿದ್ದೆನಲ್ಲ.