ಪಕ್ಕದ ವಠಾರದ ಉತ್ತರಗಳು

ಸೋಮವಾರ ರಿಪೋರ್ಟ್ ಬರುತ್ತೆ ಎಂದು ಆಕೆ ಪೋಸ್ಟ್ ಹಾಕಿದ್ದರು. ಎದೆಯಲ್ಲಿ ಗಂಟು, ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದಾರೆ. 'ಮನೇಲಿ ಇನ್ನೂ ಹೇಳಿಲ್ಲ. ಒಬ್ಬಳೇ ಹೋಗ್ಬೇಕು.' ಅದರ ಕೆಳಗೆ ನಾನು, 'ಜೊತೆಗೆ ಬರ್ತೀನಿ, ಯಾವ ಆಸ್ಪತ್ರೆ ಹೇಳಿ,' ಎಂದು ಬರೆದೆ. ಉತ್ತರ ಬರಲಿಲ್ಲ. ಸೋಮವಾರ ಹೋಯಿತು, ಮಂಗಳವಾರವೂ ಹೋಯಿತು.

ಆಕೆಯ ಮುಖ ನೋಡಿಲ್ಲ. ಬೆನ್ಸನ್ ಟೌನಿನವರು, ಮನೆಯಲ್ಲಿ ದಖ್ಖನಿ ಉರ್ದು ಮಾತು, ಇಷ್ಟೇ ಗೊತ್ತು. ಜಾಲದಲ್ಲಿ ಕ್ರೋಶಾ ಹೆಣಿಗೆ ಹಾಕುವವರ ಮಾತುಕತೆಯಲ್ಲಿ ಸಿಕ್ಕಿದವರು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಚಿಪ್ಪಿನ ಅಂಚು ನನಗೆ ಮರೆತೇ ಹೋಗಿತ್ತು. ಆಕೆ ಒಂದೊಂದೇ ಸುತ್ತಿನ ಫೋಟೋ ಹಾಕಿ ಹೇಳಿಕೊಟ್ಟರು. ಫೋಟೋದ ಮೂಲೆಯಲ್ಲಿ ಯಾವಾಗಲೂ ಅದೇ ಹಸಿರು ಕಿಟಕಿ, ಬಣ್ಣ ಎದ್ದ ಚಿಲಕ. ನನ್ನನ್ನು ಹಲಸೂರು ಅಕ್ಕ ಎನ್ನುತ್ತಿದ್ದರು. ನಾನಿರುವುದು ಜೋಗುಪಾಳ್ಯ ಎಂದರೂ ಕೇಳುತ್ತಿರಲಿಲ್ಲ. 'ಎರಡೂ ಒಂದೇ ಬಿಡಿ ಅಕ್ಕ. ಅದೇ ಕೆರೆ, ಅದೇ ಸೊಳ್ಳೆ.'

ನಾವಿದ್ದ ಜಾಲಕ್ಕೆ ಒಬ್ಬನೇ ಒಡೆಯ ಅಂತ ಇಲ್ಲ. ಸಣ್ಣ ಸಣ್ಣ ಸರ್ವರ್‌ಗಳು, ಒಂದೊಂದನ್ನೂ ಯಾರೋ ತಮ್ಮ ಖುಷಿಗೆ ನಡೆಸುತ್ತಾರೆ. ವಠಾರಗಳ ಹಾಗೆ. ನಾನೊಂದು ವಠಾರ, ಆಕೆ ಇನ್ನೊಂದು, ಮಾತು ಗೋಡೆಯ ಮೇಲಿಂದ. ಮಾತು ಗೋಡೆ ದಾಟದಿದ್ದರೆ ಆಡಿದವರಿಗೆ ಗೊತ್ತಾಗುವುದಿಲ್ಲ ಎನ್ನುವುದು ಆಗ ನನಗೆ ತಿಳಿದಿರಲಿಲ್ಲ.

ಕುಕ್ಕರ್ ಕೂಗುವ ಮೊದಲೊಮ್ಮೆ, ಕೂಗಿದ ಮೇಲೊಮ್ಮೆ ಪುಟ ತೆರೆಯುತ್ತಿದ್ದೆ. ಬಟ್ಟೆ ಒಣಹಾಕಲು ಹೋದವಳು ಅರ್ಧ ಬಕೆಟ್ ಹಾಗೇ ಬಿಟ್ಟು ಕೆಳಗಿಳಿದು ಬಂದೆ. ಆಕೆಯ ಪೋಸ್ಟಿನ ಕೆಳಗೆ ನನ್ನದೊಂದೇ ಸಾಲು. ಅಂಥ ಮಾತಿಗೆ ಬೇರೆ ಯಾರೂ ಓಗೊಡಲಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು.

'ಮೇಲಿನ ಮನೆಗೆ ಬಾಡಿಗೆಗೆ ಬಂದೋರ ಹೆಸರು ಕೇಳಿಲ್ಲ ನೀನು. ಮುಖ ನೋಡದವಳಿಗಾಗಿ ಸಾರಿಗೆ ಉಪ್ಪು ಮರೀತೀಯ,' ಎಂದರು ನಮ್ಮವರು.

'ಉಪ್ಪಿನ ಡಬ್ಬಿ ನಿಮ್ಮ ಎದುರಿಗೇ ಇದೆ ರೀ.'

ಬ್ರೌಸರಿಗೆ ಆಗಲೇ ಕೆಲವು ಎಕ್ಸ್‌ಟೆನ್ಷನ್ ಸೇರಿಸಿಕೊಂಡಿದ್ದೆ. ಅಕ್ಷರ ದಪ್ಪ ಮಾಡಲು ಒಂದು, ಬೇರೆ ಸರ್ವರಿನ ಕೊಂಡಿ ಒತ್ತಿದಾಗ ದಾರಿ ತಪ್ಪಿಸದೆ ನನ್ನ ಖಾತೆಗೇ ಕರೆತರಲು ಇನ್ನೊಂದು. ಪಿನ್ನು ಹೆಚ್ಚಾದ ಸೀರೆಯ ಹಾಗೆ ಪುಟ ಎಲ್ಲೋ ಒಂದು ಕಡೆ ಎಳೆಯುತ್ತಲೇ ಇತ್ತು. ಬುಧವಾರ ಯಾರೋ ಹಂಚಿದ್ದ ಸಣ್ಣ ಸ್ಕ್ರಿಪ್ಟೊಂದು ಕಣ್ಣಿಗೆ ಬಿತ್ತು. ಪೋಸ್ಟ್ ಹುಟ್ಟಿದ ಸರ್ವರಿಗೇ ಹೋಗಿ, ಅಲ್ಲಿರುವ ಉತ್ತರಗಳನ್ನು ತಂದು ಪಕ್ಕದಲ್ಲಿ ತೋರಿಸುತ್ತದಂತೆ. ಸೂಚನೆಗಳನ್ನು ಸಾಲುಸಾಲಾಗಿ ಓದಿ, ಅಂಟಿಸಿ, ಉಳಿಸಿದೆ. ಏನೂ ಆಗಲಿಲ್ಲ. ಆನ್ ಮಾಡುವುದನ್ನೇ ಮರೆತಿದ್ದೆ.

ಆನ್ ಮಾಡಿದ ಮೇಲೆ ಉತ್ತರಗಳು ಇಳಿಯತೊಡಗಿದವು, ಇಳಿಯುತ್ತಲೇ ಹೋದವು. ಯಾರೋ ದುವಾ ಮಾಡ್ತೀನಿ ಎಂದಿದ್ದರು, ಯಾರೋ ತಮ್ಮ ತಾಯಿಗೆ ಆಗಿದ್ದನ್ನು ಹೇಳಿದ್ದರು. ನನ್ನ ಸಾಲು ಅಲ್ಲಿರಲಿಲ್ಲ. ಕೊನೆಯಲ್ಲಿ ಆಕೆಯದೇ ಮಾತು: 'ಆಪರೇಷನ್ ಮಾಡಿ ಗಂಟು ತೆಗೀಬೇಕಂತೆ. ಮುಂದಿನ ಗುರುವಾರ. ಹಲಸೂರು ಅಕ್ಕನೂ ಸುಮ್ಮನಾದ್ರು. ಪಾಪ, ಅವರಿಗೂ ಸಂಸಾರ ಇದೆ.'

ನಮ್ಮ ಕಡೆಯಿಂದ ಬರುತ್ತಿದ್ದ ಜಾಹೀರಾತಿನ ಕಾಟಕ್ಕೆ ಬೇಸತ್ತು ಆಕೆಯ ಸರ್ವರಿನವರು, ಆಕೆಯ ಪೋಸ್ಟ್ ನನಗೆ ತಲುಪಿದ ದಿನವೇ, ನಮ್ಮ ಇಡೀ ವಠಾರಕ್ಕೇ ಬಾಗಿಲು ಹಾಕಿದ್ದರೆಂದು ಅಲ್ಲಿನ ಸೂಚನಾಪುಟ ನೋಡಿ ತಿಳಿಯಿತು. ಸ್ಕ್ರಿಪ್ಟು ಆಚೆಯ ಮಾತನ್ನು ಓದಿಸಬಲ್ಲದು, ನನ್ನ ಮಾತನ್ನು ಮುಟ್ಟಿಸಲಾರದು. ಆಕೆಯ ಸರ್ವರಿನಲ್ಲೇ ಹೊಸ ಖಾತೆಗೆ ಕೇಳಿಕೊಂಡೆ. ಯಾಕೆ ಸೇರಬೇಕು ಎಂದು ಕೇಳಿದ್ದರು, ಇದ್ದದ್ದನ್ನೇ ಬರೆದೆ. ಕುಳಿತಲ್ಲಿ ಕೂರಲಾಗದೆ ಮಾರ್ಕೆಟ್ಟಿಗೆ ಹೋಗಿ ಬೇಡದ ಸೊಪ್ಪು ತಂದೆ.

ಒಪ್ಪಿಗೆ ಶುಕ್ರವಾರ ಬಂತು. ಆಕೆಗೊಬ್ಬರಿಗೇ ಕಾಣುವ ಹಾಗೆ ಬರೆದೆ: 'ನಾನು ಹಲಸೂರು ಅಕ್ಕ. ಸುಮ್ಮನಿರಲಿಲ್ಲ, ನಿಮ್ಮ ಗೇಟು ಹಾಕಿತ್ತು. ಗುರುವಾರ ಜೊತೆಗೆ ಯಾರು?'

ಕಾಫಿ ಆರಿದ ಮೇಲೆ ಉತ್ತರ ಬಂತು. 'ತಂಗಿಗೆ ಹೇಳೋಣ ಅಂದ್ಕೊಂಡೆ, ಬಾಯಿ ಬರ್ಲಿಲ್ಲ. ಯಾರೂ ಇಲ್ಲ ಅಕ್ಕ.'

'ನಾನಿದ್ದೀನಿ. ಎಷ್ಟೊತ್ತಿಗೆ?'

'ಬೆಳಿಗ್ಗೆ ಆರಕ್ಕೆ. ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದಾರೆ.'

'ಅದು ನಿಮಗೆ. ನಾನು ತಿಂದೇ ಬರೋದು.'

'ಏನು ತಿಂದ್ರಿ ಅಂತ ಮಾತ್ರ ನನ್ನೆದುರಿಗೆ ಹೇಳ್ಬೇಡಿ,' ಎಂದು ಬರೆದು, ಆಸ್ಪತ್ರೆಯ ವಿಳಾಸ ಕಳಿಸಿದರು.